ಬಡ್ಡಿಯಿಲ್ಲದ ಮುಂಗಡ ಎಷ್ಟು ತುಟ್ಟಿ?

ಸಾಲದಲ್ಲಿ ಸಿಕ್ಕಿಕೊಂಡ ಹರೆಯದವರಿಗೆ ಎಲ್ಲ ಕಡೆಯಿಂದಲೂ ಬರುವ ಬುದ್ಧಿಮಾತು ಒಂದೇ. ಇರುವ ಸಾಲಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊ, ಯಾವುದಕ್ಕೆ ಬಡ್ಡಿ ಜಾಸ್ತಿಯೋ ಅದನ್ನು ಮೊದಲು ತೀರಿಸು, ಬಡ್ಡಿ ಕಡಿಮೆ ಇದ್ದದ್ದು ಕೊನೆಗಿರಲಿ. ತಿಂಗಳ ಒಂದನೇ ತಾರೀಕಿಗೆ ಸಂಬಳ ಎಣಿಸುವವರಿಗೆ ಇದು ಒಳ್ಳೆಯ ಮಾತೇ. ಆದರೆ ಇಳಕಲ್ಲಿನ ಒಬ್ಬ ನೇಕಾರ ಹುಡುಗ ಆ ಹಾಳೆ ತುಂಬಲು ಕೂತರೆ ಲೆಕ್ಕ ಬೇರೆಯಾಗುತ್ತದೆ. ಬೈಕಿನ ಕಂತು, ಅವ್ವನ ಹೆಸರಿನಲ್ಲಿರುವ ವಾರದ ಸಂಘದ ಕಂತು, ಗೆಳೆಯರ ಕೈಗಡ, ಕಡೆಗೆ ಮಗ್ಗದ ಮಾಲೀಕರಲ್ಲಿ ತೆಗೆದ ಮುಂಗಡ. ಮುಂಗಡದ ಎದುರು ಬಡ್ಡಿ ಎಂದು ಬರೆಯಲು ಏನೂ ಇಲ್ಲ. ಬುದ್ಧಿಮಾತಿನ ಪ್ರಕಾರ ಅದು ಎಲ್ಲಕ್ಕಿಂತ ಕೊನೆಗೆ ತೀರಬೇಕಾದ ಸಾಲ. ನನ್ನ ಪ್ರಕಾರ ಅದೇ ಮೊದಲು ತೀರಬೇಕಾದದ್ದು. ಬಾಗಲಕೋಟೆ ಜಿಲ್ಲೆಯ ದುಡಿಮೆಯ ಮನೆಗಳಲ್ಲಿ ಬೇರೂರಿರುವ ಈ ಮುಂಗಡದ ಪದ್ಧತಿಯನ್ನು ತೂಗಿ ನೋಡದೆ ಇಲ್ಲಿಯ ಹುಡುಗರಿಗೆ ಉಳಿತಾಯದ ಪಾಠ ಹೇಳುವುದು ನ್ಯಾಯವಲ್ಲ.

ಪದ್ಧತಿ ಹೀಗಿದೆ. ಮಾಲೀಕ ನೂಲು, ರೇಷ್ಮೆ ಕೊಡುತ್ತಾನೆ. ನೇಕಾರ ತನ್ನ ಮನೆಯ ಕುಣಿಮಗ್ಗದಲ್ಲಿ ಸೀರೆ ನೇಯ್ದು ಒಪ್ಪಿಸಿ ಸೀರೆಗಿಷ್ಟು ಎಂದು ಮಜೂರಿ ಪಡೆಯುತ್ತಾನೆ. ಮದುವೆ, ದವಾಖಾನೆ, ಮನೆಯ ಮಾಳಿಗೆ ರಿಪೇರಿ ಬಂದಾಗ ಅದೇ ಮಾಲೀಕನಿಂದ ಮುಂಗಡ ತರುತ್ತಾನೆ. ಮುಂಗಡ ಬಾಕಿ ಇರುವ ತನಕ ಬೇರೆಯವರಿಗೆ ನೇಯುವಂತಿಲ್ಲ. ಇನ್ನೊಬ್ಬ ಮಾಲೀಕ ಹೆಚ್ಚು ಮಜೂರಿ ಕೊಡಲು ತಯಾರಿದ್ದರೂ ಉತ್ತರ ಒಂದೇ: "ಮದ್ಲ ಬಾಕಿ ಮುಟ್ಸೋ ತಮ್ಮಾ, ಆಮ್ಯಾಲ ಎಲ್ಲಿ ಬೇಕಾದ್ರ ಅಲ್ಲಿ ನೇಯಿ."

ಇಳಕಲ್ ಸೀರೆಯ ಕೆಲಸವನ್ನು ಹತ್ತಿರದಿಂದ ನೋಡಿದರೆ ಈ ಬಾಕಿ ಎಷ್ಟು ಜನರ ಮೇಲೆ ಕೂತಿದೆ ಎಂಬುದು ಗೊತ್ತಾಗುತ್ತದೆ. ಈ ಸೀರೆಯ ಒಡಲಿನ ಹಾಸು ಬೇರೆ, ಟೋಪ್ ತೆನಿ ಎಂಬ ಸೆರಗಿನ ಕೆಂಪು ರೇಷ್ಮೆ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದಕ್ಕೊಂದು ಕುಣಿಕೆಯಾಗಿಸಿ ಕೂಡಿಸುವುದಕ್ಕೆ ಕೊಂಡಿ ಹಾಕುವುದು ಎನ್ನುತ್ತಾರೆ. ಸಾವಿರಾರು ಎಳೆ, ಕೈಯಿಂದಲೇ ಆಗಬೇಕು, ಒಂದು ಎಳೆ ತಪ್ಪಿದರೂ ಸೆರಗಿನಲ್ಲಿ ಎದ್ದು ಕಾಣುತ್ತದೆ. ಈ ಕೆಲಸಕ್ಕೆ ಕೂರುವವರು ಹೆಚ್ಚಾಗಿ ಹೆಣ್ಣುಮಕ್ಕಳು. ಲಾಳಿಗೆ ಕಂಡಿಕೆ ಸುತ್ತುವವರೂ ಮನೆಯವರೇ. ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವವನು ಒಬ್ಬ, ದುಡಿಯುವವರು ಮೂರು ನಾಲ್ಕು ಜನ, ಮಜೂರಿ ಬರುವುದು ಒಂದೇ ಹೆಸರಿಗೆ. ಬಾಕಿಯೂ ಆ ಹೆಸರಿನಲ್ಲೇ. ಆ ಹೆಸರಿನವನು ಮುಪ್ಪಾದಾಗ ಮಗ್ಗದ ಜೊತೆ ಬಾಕಿಯೂ ಮಗನ ಪಾಲಿಗೆ ಬರುತ್ತದೆ. ಇಪ್ಪತ್ತೆರಡರ ಹುಡುಗ ತಾನು ಒಂದು ರೂಪಾಯಿ ತರದೆಯೂ ಸಾಲಗಾರನಾಗಿ ದುಡಿಮೆಗೆ ಇಳಿಯುತ್ತಾನೆ. ಖರ್ಚು ಹಿಡಿತದಲ್ಲಿಡು ಎನ್ನುವ ಉಪದೇಶ ಅವನಿಗೆ ಎಲ್ಲಿ ತಾಗಬೇಕು?

ಮುಂಗಡದ ಪರವಾಗಿ ಹೇಳಬೇಕಾದ್ದನ್ನೂ ಹೇಳಬೇಕು. ನಡುರಾತ್ರಿ ಹೆರಿಗೆ ನೋವು ಕಾಣಿಸಿಕೊಂಡರೆ ಬ್ಯಾಂಕಿನ ಬಾಗಿಲು ತೆರೆದಿರುವುದಿಲ್ಲ, ಮಾಲೀಕರ ಮನೆಯದು ತೆರೆಯುತ್ತದೆ. ಆಧಾರ್ ಪ್ರತಿ, ಜಾಮೀನುದಾರ, ಸಿಬಿಲ್ ಅಂಕ ಯಾವುದನ್ನೂ ಕೇಳುವುದಿಲ್ಲ. ಮಗ್ಗ ನಿಂತ ವಾರಗಳಲ್ಲಿ ಸಂತೆಯ ಖರ್ಚಿಗೂ ಅಲ್ಲಿಂದಲೇ ಬಂದೀತು. ಮಾಲೀಕರಲ್ಲೂ ಸಣ್ಣವರು ಬಹಳ. ನೂಲಿನ ದರ ಏರಿದಾಗ, ಪವರ್‌ಲೂಮಿನ ಅಗ್ಗದ ಸೀರೆ ಪೇಟೆಗೆ ನುಗ್ಗಿದಾಗ ಅವರ ದುಡ್ಡೂ ಸಿಕ್ಕಿಬೀಳುತ್ತದೆ. ಈ ಪದ್ಧತಿಯನ್ನು ಬರೀ ಕ್ರೌರ್ಯ ಎಂದು ಬರೆದರೆ ಅದನ್ನು ನಂಬಿ ಬದುಕಿದ ಮನೆಗಳಿಗೆ ಅವಮಾನ ಮಾಡಿದಂತಾಗುತ್ತದೆ.

ಆದರೂ ಲೆಕ್ಕ ಲೆಕ್ಕವೇ. ಒಂದು ಉದಾಹರಣೆ ಹಿಡಿಯೋಣ. ಬಾಕಿ 50,000 ರೂಪಾಯಿ. ಹುಡುಗ ತಿಂಗಳಿಗೆ 10 ಸೀರೆ ನೇಯುತ್ತಾನೆ. ಬಾಕಿ ಇರುವ ಕಾರಣಕ್ಕೆ ಅವನು ಮಜೂರಿ ಚೌಕಾಶಿ ಮಾಡಲಾರ. ಪೇಟೆಯಲ್ಲಿ ಸಿಗಬಹುದಾದ ದರಕ್ಕಿಂತ ಸೀರೆಗೆ 75 ರೂಪಾಯಿ ಕಡಿಮೆಗೆ ಒಪ್ಪಿದ್ದಾನೆ ಎನ್ನಿ. ತಿಂಗಳಿಗೆ 750, ವರ್ಷಕ್ಕೆ 9,000 ರೂಪಾಯಿ. 50,000ದ ಮೇಲೆ ಇದು ವರ್ಷಕ್ಕೆ ನೂರಕ್ಕೆ 18ರ ಬಡ್ಡಿ. 2004ರಲ್ಲಿ ಬಂದ ಕರ್ನಾಟಕ ಮಿತಿಮೀರಿದ ಬಡ್ಡಿ ನಿಷೇಧ ಕಾಯ್ದೆಯಡಿ ಲೇವಾದೇವಿಗಾರರು ಅಡವಿಲ್ಲದ ಸಾಲಕ್ಕೆ ಹಾಕಬಹುದಾದ ಬಡ್ಡಿ ನೂರಕ್ಕೆ 16 ಎಂದು ಸರ್ಕಾರ ಗೊತ್ತುಮಾಡಿತ್ತು. ಬಡ್ಡಿಯೇ ಇಲ್ಲದ ಸಾಲ ಆ ಗೆರೆಯನ್ನೂ ದಾಟಿತು. ಇನ್ನೂ ಕೆಟ್ಟ ಸಂಗತಿಯೆಂದರೆ, ಈ 9,000ದಿಂದ ಅಸಲಿನಲ್ಲಿ ಒಂದು ಪೈಸೆಯೂ ಇಳಿಯುವುದಿಲ್ಲ. ಹತ್ತು ವರ್ಷದಲ್ಲಿ 90,000 ಹೋಗಿರುತ್ತದೆ, ಬಾಕಿ ಮಾತ್ರ 50,000ಕ್ಕೇ ನಿಂತಿರುತ್ತದೆ. ಪ್ರತಿ ಮನೆಯಲ್ಲೂ ವ್ಯತ್ಯಾಸ 75 ರೂಪಾಯಿಯೇ ಇರುತ್ತದೆ ಎನ್ನುತ್ತಿಲ್ಲ. ಎಷ್ಟಿದೆ ಎಂದು ಪ್ರತಿಯೊಬ್ಬ ನೇಕಾರನೂ ತನ್ನ ಸೀರೆಯ ಮೇಲೆ ತಾನೇ ಹಾಕಿ ನೋಡಬೇಕಾದ ಲೆಕ್ಕ ಇದು.

ಕಾನೂನಿಗೆ ಈ ಸಂಗತಿ ಹೊಸದಲ್ಲ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ತಾನು ಪಡೆದ ಮುಂಗಡವನ್ನಷ್ಟೇ ಅಲ್ಲ, ಹಿರಿಯರು ಪಡೆದ ಮುಂಗಡವನ್ನೂ ಹೆಸರಿಸಿ ಹೇಳುತ್ತದೆ. ಅಂಥ ಮುಂಗಡಕ್ಕಾಗಿ ಬೇರೆ ಕಡೆ ದುಡಿಯುವ ಸ್ವಾತಂತ್ರ್ಯವನ್ನೋ ತನ್ನ ದುಡಿಮೆಯ ಸರಕನ್ನು ಪೇಟೆಯ ದರಕ್ಕೆ ಮಾರುವ ಹಕ್ಕನ್ನೋ ಬಿಟ್ಟುಕೊಡಬೇಕಾದ ಕರಾರು ಅದರ ವ್ಯಾಖ್ಯೆಯೊಳಗೆ ಬರುತ್ತದೆ. ಇಳಕಲ್ಲಿನ ಪ್ರತಿ ಮುಂಗಡವೂ ಜೀತ ಎಂದು ಸಾರುವುದು ನನ್ನ ಉದ್ದೇಶವಲ್ಲ. ಆದರೆ ಅಪ್ಪನ ಬಾಕಿಗೆ ಮಗ ಒಂದೇ ಮನೆಗೆ ನೇಯಬೇಕು ಎಂಬ ರೂಢಿಗೆ ಕಾನೂನಿನ ಬೆಂಬಲ ಇಲ್ಲ ಎಂಬುದನ್ನು ಹುಡುಗರು ತಿಳಿದಿರಬೇಕು.

ಬಾದಾಮಿ, ಹುನಗುಂದದ ಹಳ್ಳಿಗಳಿಂದ ಮಂಗಳೂರಿಗೆ, ಗೋವಾಕ್ಕೆ ಗುಳೆ ಹೋಗುವವರ ಕಥೆಯೂ ಇದರ ಸಮೀಪದ್ದೇ. ಅಲ್ಲಿ ಮುಂಗಡ ಕೊಡುವ ಮಾಲೀಕನ ಜಾಗದಲ್ಲಿ ಮೇಸ್ತ್ರಿ ಇರುತ್ತಾನೆ, ಅಷ್ಟೇ.

ಹಾಗಾದರೆ ಮುಂಗಡ ತೀರಿಸುವುದು ಹೇಗೆ? ಹೆಚ್ಚಿನವರು ಹಿಡಿಯುವ ದಾರಿ ವಾರದ ಸಂಘ, ಅಂದರೆ ಮೈಕ್ರೋಫೈನಾನ್ಸ್. ಅಲ್ಲಿ ಲೆಕ್ಕ ಬರಹದಲ್ಲಿದೆ, ಕಂತು ಕಟ್ಟಿದಂತೆ ಅಸಲು ಇಳಿಯುತ್ತದೆ. ಈ ಎರಡು ವಿಷಯದಲ್ಲಿ ಅದು ಮುಂಗಡಕ್ಕಿಂತ ಮೇಲು. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ಇಂಥ ಸಾಲಕ್ಕೆ ಅಡವು ಕೇಳುವಂತಿಲ್ಲ, ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟುವಂತಿಲ್ಲ, ಅವಧಿಗೆ ಮೊದಲೇ ತೀರಿಸಿದರೆ ದಂಡ ಹಾಕುವಂತಿಲ್ಲ, ಬೆಳಗಿನ 9ಕ್ಕೆ ಮೊದಲು ಸಂಜೆ 6ರ ನಂತರ ವಸೂಲಿಗೆ ಕರೆ ಮಾಡುವಂತಿಲ್ಲ. ವಸೂಲಿಯ ಕಿರುಕುಳಕ್ಕೆ ರಾಜ್ಯದಲ್ಲಿ ಸಾವುಗಳಾದ ಮೇಲೆ 2025ರ ಫೆಬ್ರವರಿ 12ರಂದು ರಾಜ್ಯ ಸರ್ಕಾರದ ಸುಗ್ರೀವಾಜ್ಞೆ ಜಾರಿಗೆ ಬಂತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಸೆರೆ, 5 ಲಕ್ಷದವರೆಗೆ ದಂಡ. ನೋಂದಣಿಯಿಲ್ಲದವರು ದುರ್ಬಲ ವರ್ಗದವರಿಗೆ ಕೊಟ್ಟ ಸಾಲ ತೀರಿದಂತೆಯೇ. ಮನೆಯ ಮುಂದೆ ನಿಂತು ಮರ್ಯಾದೆ ತೆಗೆಯುವವರ ಬಾಯಿಗೆ ಬೀಗ ಹಾಕಲು ಇದು ಬೇಕಿತ್ತು. ಆದರೆ ವಾರದ ಕಂತಿಗೂ ಮಗ್ಗದ ಗತಿಗೂ ತಾಳೆಯಾಗುವುದಿಲ್ಲ. ಮಳೆಗಾಲದಲ್ಲಿ ಕುಣಿಗೆ ನೀರು ಜಿನುಗಿದರೆ ಮಗ್ಗ ನಿಲ್ಲುತ್ತದೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಬಾದಾಮಿ, ಹುನಗುಂದ ತಾಲೂಕುಗಳ ಹೊಳೆಸಾಲಿನ ಊರುಗಳಿಗೆ ನೀರು ಹೊಕ್ಕಾಗ ಮನೆಗಳೇ ನಿಲ್ಲಲಿಲ್ಲ. ಕಂತು ಮಾತ್ರ ವಾರಕ್ಕೊಮ್ಮೆ ಬಂದೇ ಬರುತ್ತದೆ. ಆಗ ಒಂದು ಸಂಘದ ಕಂತಿಗೆ ಇನ್ನೊಂದು ಸಂಘ, ಎರಡಕ್ಕೂ ಸೇರಿ ಮತ್ತೆ ಮಾಲೀಕರ ಮನೆ. ಮುಂಗಡ ತೀರಿಸಲು ವಾರದ ಸಾಲ ತರುವುದನ್ನು ನಾನು ಯಾವ ಹುಡುಗನಿಗೂ ಹೇಳಲಾರೆ.

ಭಿಶಿಯ ವಿಷಯದಲ್ಲಿ ನನಗೆ ಅಷ್ಟು ಬೇಸರವಿಲ್ಲ. ಗೆಳೆಯರು ಇಪ್ಪತ್ತು ಜನ ಸೇರಿ ತಿಂಗಳಿಗೆ ಸಾವಿರ ಹಾಕಿ, ಚೀಟಿ ಎತ್ತಿ ಒಬ್ಬರಿಗೆ ಇಪ್ಪತ್ತು ಸಾವಿರ ಕೊಡುವ ಭಿಶಿ ಚೊಕ್ಕ ವ್ಯವಹಾರ. ಆ ದುಡ್ಡು ಬಂದ ದಿನವೇ ಬಾಕಿಗೆ ಮುಟ್ಟಿಸಬಹುದು. ಲಿಲಾವಿನ ಭಿಶಿ ಹಾಗಲ್ಲ. ಗರಜಿದ್ದವನು ಹದಿನಾರು ಸಾವಿರಕ್ಕೆ ಕೂಗಿ ಎತ್ತುತ್ತಾನೆ. ಅವನ ನಾಲ್ಕು ಸಾವಿರ ಎಲ್ಲರಿಗೂ ಹಂಚಿಹೋಗುತ್ತದೆ. ಅಲ್ಲಿ ಲಾಭ ಗರಜಿಲ್ಲದವನಿಗೇ.

ಇಳಕಲ್ಲಿನದೇ ಇನ್ನೊಂದು ಪದ್ಧತಿಯನ್ನು ಸಾಲದ ಚರ್ಚೆಯಲ್ಲಿ ಯಾರೂ ತರುವುದಿಲ್ಲ, ತರಲೇಬೇಕು. ಇಲ್ಲಿಯ ವಿಜಯ ಮಹಾಂತೇಶ ಮಠದ ಡಾ. ಮಹಾಂತ ಸ್ವಾಮೀಜಿ 1975ರಿಂದ ಜೋಳಿಗೆ ಹಿಡಿದು ಓಣಿ ಓಣಿ ತಿರುಗಿದರು. ಕೇಳಿದ್ದು ದುಡ್ಡಲ್ಲ, ಕಾಳಲ್ಲ. ಕುಡಿತ, ಬೀಡಿ, ತಂಬಾಕಿನ ಚಟವನ್ನು ಜೋಳಿಗೆಗೆ ಹಾಕಿ ಎಂದರು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರು ಹುಟ್ಟಿದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಸಾಲ ಬಿಡಿಸುವ ಯೋಜನೆ ಎಂದು ಯಾರೂ ಕರೆಯದಿದ್ದರೂ, ಬಾಟಲಿ ಬಿಟ್ಟ ಮನೆಯಲ್ಲಿ ವಾರದ ಸಂತೆಗೆ ದುಡ್ಡು ಉಳಿಯುತ್ತದೆ. ಜೋಳಿಗೆಯ ಬಲ ಇದ್ದದ್ದು ನಾಲ್ಕು ಜನರೆದುರು ಬಾಯಿಬಿಟ್ಟು ಹೇಳುವುದರಲ್ಲಿ. ಸಾಲಕ್ಕೆ ಬೇಕಾದದ್ದೂ ಅದೇ. ನಮ್ಮಲ್ಲಿ ಸಾಲ ಹೆಂಡತಿಗೂ ಗೊತ್ತಾಗದಂತೆ ಬೆಳೆಯುತ್ತದೆ, ನಾಚಿಕೆಯಿಂದ ಮುಚ್ಚಿಟ್ಟದ್ದು ದುಪ್ಪಟ್ಟಾಗುತ್ತದೆ. ಈಗಿನ ಚಟಕ್ಕೆ ವಾಸನೆಯೂ ಇಲ್ಲ. ಮೊಬೈಲಿನಲ್ಲಿ ರಾತ್ರಿ ಹಣ ಕಟ್ಟಿ ಆಡುವವನ ಬಾಯಿ ನಾರುವುದಿಲ್ಲ. 2025ರ ಆಗಸ್ಟಿನಲ್ಲಿ ಕೇಂದ್ರ ಅಂಥ ಆಟಗಳನ್ನು ನಿಷೇಧಿಸುವ ಕಾಯ್ದೆ ತಂದಿದೆ. ಮಠಗಳೂ ಜೋಳಿಗೆಯನ್ನು ಆ ಕಡೆಗೆ ಚಾಚಬೇಕು. ಆದರೆ ಜೋಳಿಗೆಗೆ ಒಂದು ಮಿತಿ ಇದೆ: ಯಾವ ಚಟವೂ ಇಲ್ಲದೆ, ಅಪ್ಪನ ಬಾಕಿಯಿಂದಲೇ ಸಾಲಗಾರನಾದ ಹುಡುಗನಿಗೆ ಅದರಲ್ಲಿ ಹಾಕಲು ಏನೂ ಇಲ್ಲ.

ಅವನಿಗೆ ಉಳಿಯುವುದು ಬ್ಯಾಂಕು ಮತ್ತು ಸಹಕಾರ. ನೇಕಾರರ ಮುದ್ರಾ ಯೋಜನೆಯಲ್ಲಿ ಬಡ್ಡಿಯ ಸಹಾಯಧನ ಸೇರಿ ನೂರಕ್ಕೆ 6ರ ದರದಲ್ಲಿ ಸಾಲ ಸಿಗುತ್ತದೆ. ಮೇಲಿನ ಲೆಕ್ಕದ 18ರ ಮುಂದೆ 6 ಎಂದರೆ ಮೂರರಲ್ಲಿ ಒಂದು ಪಾಲು. ಸಹಕಾರದ ಹಾದಿಯೂ ನಮಗೆ ದೂರದ್ದಲ್ಲ. 1905ರಲ್ಲಿ ದೇಶದ ಮೊದಮೊದಲ ಸಹಕಾರಿ ಪತ್ತಿನ ಸಂಘಗಳಲ್ಲೊಂದು ಹುಟ್ಟಿದ್ದು ಪಕ್ಕದ ಗದಗಿನ ಕಣಗಿನಹಾಳದಲ್ಲಿ, ಅದೂ ಲೇವಾದೇವಿಗಾರರ ಹಿಡಿತದಿಂದ ರೈತರನ್ನು ಬಿಡಿಸಲು. ತೊಡಕು ಎಲ್ಲಿದೆಯೆಂದರೆ, ಬ್ಯಾಂಕು ವ್ಯವಹಾರದ ದಾಖಲೆ ಕೇಳುತ್ತದೆ. ಹದಿನೈದು ವರ್ಷ ಸೀರೆ ನೇಯ್ದ ಮನೆಯಲ್ಲಿ ಎಷ್ಟು ಸೀರೆ ಕೊಟ್ಟೆವು, ಎಷ್ಟು ಮಜೂರಿ ಬಂತು, ಎಷ್ಟು ಬಾಕಿಗೆ ಹಿಡಿದರು ಎಂಬ ಒಂದು ಚೀಟಿಯೂ ಇರುವುದಿಲ್ಲ. ಲೆಕ್ಕವೆಲ್ಲ ಮಾಲೀಕರ ಪುಸ್ತಕದಲ್ಲಿ. ರಾಜ್ಯ ಸರ್ಕಾರದ ನೇಕಾರ ಸಮ್ಮಾನ್ ಯೋಜನೆಯ ವರ್ಷದ 5,000 ರೂಪಾಯಿ ಒಳ್ಳೆಯದೇ, ಆದರೆ ಅದು 50,000ದ ಬಾಕಿಯನ್ನು ಅಲುಗಿಸುವುದಿಲ್ಲ. ಸೀರೆ, ಮಜೂರಿ, ಬಾಕಿ ಬರೆದಿಡುವ ಒಂದು ಪಾಸ್‌ಪುಸ್ತಕ ಅಲುಗಿಸುತ್ತದೆ. ಬರಹದ ಲೆಕ್ಕ ಕೈಗೆ ಬಂದರೆ ಬ್ಯಾಂಕಿನ ಮೇಜಿನ ಮೇಲೆ ಇಡಲು ಒಂದು ಕಾಗದವಾಗುತ್ತದೆ, ಅಪ್ಪನ ಬಾಕಿ ಎಷ್ಟು ತನ್ನದೆಷ್ಟು ಎಂಬುದು ಬೇರೆಯಾಗುತ್ತದೆ, ಪ್ರತಿ ಸೀರೆಯಲ್ಲಿ ಇಷ್ಟು ಎಂದು ಅಸಲು ಹಿಡಿಸುವ ಮಾತೂ ಆಡಬಹುದು.

ಕೈಮಗ್ಗ ಮತ್ತು ಜವಳಿ ಇಲಾಖೆಯವರು ಈ ಪಾಸ್‌ಪುಸ್ತಕವನ್ನು ಅಚ್ಚು ಹಾಕಿಸಿ ಪ್ರತಿ ಮಗ್ಗಕ್ಕೂ ಕೊಡಲಿ. ಹುಡುಗರು ಅದು ಬರುವ ತನಕ ಕಾಯದೆ ಎರಡು ಹಾಳೆಯ ನೋಟುಬುಕ್ಕಿನಲ್ಲಾದರೂ ಇಂದಿನಿಂದಲೇ ಬರೆಯತೊಡಗಲಿ, ಪ್ರತಿ ಸಲ ಸೀರೆ ಒಪ್ಪಿಸಿದಾಗ ಮಾಲೀಕರ ಸಹಿ ಕೇಳಲಿ. ಮಾಲೀಕರಲ್ಲಿ ನನ್ನ ವಿನಂತಿ ಇಷ್ಟೇ: ಬರುವ ದೀಪಾವಳಿಯ ಲಕ್ಷ್ಮೀಪೂಜೆಗೆ ಹೊಸ ಖಾತೆ ಪುಸ್ತಕ ತೆಗೆಯುವಾಗ, ಪ್ರತಿ ನೇಕಾರನ ಬಾಕಿಯ ಹಾಳೆಯ ಒಂದು ಪ್ರತಿಯನ್ನು ಅವನ ಕೈಗೂ ಕೊಡಿ.