ಉಗಿಮನುಷ್ಯನೂ ವೀನಾಳ ಎರಡು ಹೂವೂ

ಎಚ್‌.ಜಿ. ವೆಲ್ಸ್‌ನ ‘ದಿ ಟೈಮ್ ಮಷೀನ್’ ಓದಿದವರನ್ನು ಕೇಳಿ ನೋಡಿ, ಯಂತ್ರ ಎಲ್ಲರಿಗೂ ನೆನಪಿರುತ್ತದೆ. ನೆಲದಡಿ ಬದುಕುವ ನರಭಕ್ಷಕ ಮಾರ್ಲಾಕ್‌ಗಳೂ ನೆನಪಿರುತ್ತವೆ. ಹೂವು ನೆನಪಿರುವವರು ಕಡಿಮೆ. ಕ್ರಿ.ಶ. 8,02,701ನೇ ಇಸವಿಗೆ ಹೋಗಿ ವಾಪಸಾದ ಕಾಲಯಾತ್ರಿಕ ಕಥೆ ಹೇಳುತ್ತಾ ಹೇಳುತ್ತಾ ಜೇಬಿಗೆ ಕೈ ಹಾಕಿ, ಬಾಡಿದ ಎರಡು ಬಿಳಿ ಹೂ ತೆಗೆದು ಮೇಜಿನ ಮೇಲಿಡುತ್ತಾನೆ. ಅವನ್ನು ಜೇಬಿಗೆ ಸೇರಿಸಿದವಳು ವೀನಾ. ಬೊಂಬೆಯಂಥ ಪುಟ್ಟ ಹೆಣ್ಣು. ಹೊಳೆಯಲ್ಲಿ ಕೊಚ್ಚಿಹೋಗುತ್ತಿದ್ದಾಗ ಅವಳ ಕಡೆಯವರೆಲ್ಲ ಸುಮ್ಮನೆ ನೋಡುತ್ತಿದ್ದರು. ಇವನು ಇಳಿದು ದಡಕ್ಕೆ ತಂದಿದ್ದ. ಅವತ್ತಿನಿಂದ ಅವಳು ಇವನ ಬೆನ್ನು ಬಿಡಲಿಲ್ಲ. ಕೋಟಿನ ಜೇಬು ಯಾತಕ್ಕೆ ಅಂತ ಅವಳಿಗೆ ತಿಳಿಯದು. ಇದೊಂದು ವಿಚಿತ್ರ ಹೂದಾನಿ ಇರಬೇಕೆಂದು ಹೂ ತುಂಬುತ್ತಿದ್ದಳು.

ಅವಳು ಕಳೆದುಹೋದದ್ದು ಹೇಗೆ ಎಂಬುದನ್ನು ವೆಲ್ಸ್ ದೊಡ್ಡ ದನಿಯಲ್ಲಿ ಹೇಳುವುದಿಲ್ಲ. ರಾತ್ರಿ ಕಾಡಿನಲ್ಲಿ ಮಾರ್ಲಾಕ್‌ಗಳನ್ನು ದೂರವಿಡಲು ಕಾಲಯಾತ್ರಿಕ ಕಡ್ಡಿ ಗೀರಿ ಬೆಂಕಿ ಹಾಕುತ್ತಾನೆ. ಹಿಂದೆ ಬಿಟ್ಟುಬಂದ ಆ ಬೆಂಕಿಯೇ ಕಾಡ್ಗಿಚ್ಚಾಗುತ್ತದೆ. ಬೆಳಗಾಗುವಾಗ ವೀನಾ ಇಲ್ಲ. ಕಾಲವನ್ನೇ ದಾಟುವ ಯಂತ್ರ ಕಟ್ಟಿದ ಮಹಾ ಬುದ್ಧಿವಂತ ತನ್ನವಳನ್ನು ಕಳೆದುಕೊಂಡಿದ್ದು ಒಂದು ಬೆಂಕಿಕಡ್ಡಿಯಿಂದ, ಅದೂ ತಾನೇ ಗೀರಿದ ಕಡ್ಡಿ. ಕಾದಂಬರಿಯ ಕೊನೆಗೆ ಅವನು ಕ್ಯಾಮೆರಾ ಕಂಕುಳಲ್ಲಿಟ್ಟುಕೊಂಡು ಮತ್ತೆ ಯಂತ್ರ ಹತ್ತುತ್ತಾನೆ. ಮೂರು ವರ್ಷ ಕಳೆದರೂ ತಿರುಗಿ ಬಂದಿಲ್ಲ ಎನ್ನುವಲ್ಲಿ ಪುಸ್ತಕ ಮುಗಿಯುತ್ತದೆ.

ಎಲ್ಲಿಗೆ ಹೋದ?

ಈ ವಾರ ನಾನು ಎತ್ತಿಕೊಂಡಿರುವ ‘ದಿ ಸ್ಟೀಮ್ ಮ್ಯಾನ್’ ಕಾಮಿಕ್ಸ್ ಆ ಪ್ರಶ್ನೆಗೆ ಕೊಡುವ ಉತ್ತರ ಕೇಳಿದರೆ ವೆಲ್ಸ್ ಗೋರಿಯಲ್ಲೇ ಮಗ್ಗುಲಾಗಿಯಾನು. ಅವನು ವೀನಾಳನ್ನು ಹುಡುಕಿಕೊಂಡು ಹೋದ. ಹೋಗಿ ಬಂದು ಮಾಡಿ ಕಾಲದ ಬಟ್ಟೆಯನ್ನೇ ಹರಿದ. ಹರಿದ ಕಡೆಯಿಂದ ಅಮೆರಿಕದ ಪಶ್ಚಿಮದ ಬಯಲಿಗೆ ಬಂದು ಬಿದ್ದ. ಬಿದ್ದವನು ಮನುಷ್ಯನಾಗಿ ಉಳಿದಿರಲಿಲ್ಲ. ‘ಡಾರ್ಕ್ ರೈಡರ್’ ಎಂಬ ರಕ್ತ ಹೀರುವ ಕರಾಳ ಸವಾರನಾಗಿದ್ದ. ಅವನ ಹಿಂದೆ ಬಿಳಿ ಕೋತಿಗಳ ಪಡೆ. ಯಾವ ಮಾರ್ಲಾಕ್‌ಗಳಿಂದ ವೀನಾಳನ್ನು ಕಾಯಲು ಬೆಂಕಿ ಹಚ್ಚಿದ್ದನೋ ಅವೇ ಈಗ ಅವನ ಬಂಟರು. ಅವನೆದುರಿಗೆ ನಿಲ್ಲುವುದು ಹೊಟ್ಟೆಯೊಳಗೆ ಬಾಯ್ಲರ್ ಇಟ್ಟುಕೊಂಡ ಕಬ್ಬಿಣದ ದೈತ್ಯ. ಆ ದೈತ್ಯನ ಒಳಗೆ ಕೂತು ಸನ್ನೆಕೋಲು ಎಳೆಯುವವರು ಬೀಡಲ್ ಎಂಬಾತ ಮತ್ತವನ ಸಂಗಡಿಗರು.

2015ರ ಅಕ್ಟೋಬರಿನಿಂದ ಡಾರ್ಕ್ ಹಾರ್ಸ್ ಪ್ರಕಾಶನ ಐದು ಸಂಚಿಕೆಗಳಲ್ಲಿ ತಂದ ಕಥೆ ಇದು. ಮೂಲ ಟೆಕ್ಸಸ್‌ನ ಜೋ ಆರ್. ಲ್ಯಾನ್ಸ್‌ಡೇಲ್ 1999ರಲ್ಲಿ ಪ್ರಕಟಿಸಿದ ನೀಳ್ಗತೆ. ಅದನ್ನು ಕಾಮಿಕ್ಸ್‌ಗೆ ಒಗ್ಗಿಸುವಲ್ಲಿ ಅವನ ಜೊತೆ ಕೈಗೂಡಿಸಿದವನು ಮಾರ್ಕ್ ಆಲನ್ ಮಿಲ್ಲರ್. ಚಿತ್ರ ಪೋಲೆಂಡಿನ ಪ್ಯೋತ್ರ್ ಕೊವಾಲ್ಸ್ಕಿಯದು.

ಲ್ಯಾನ್ಸ್‌ಡೇಲ್‌ಗೆ ಕೌಬಾಯ್‌ಗಳ ಮಧ್ಯೆ ದೆವ್ವ ಬಿಡುವುದು ಹಳೇ ಚಾಳಿ. 1993ರಲ್ಲಿ ಜೋನಾ ಹೆಕ್ಸ್ ಎಂಬ ಸುಟ್ಟ ಮುಖದ ಬಂದೂಕುಗಾರನನ್ನು ಟಿಮ್ ಟ್ರೂಮನ್ ಜೊತೆ ಸೇರಿ ಮತ್ತೆ ಎಬ್ಬಿಸಿ ನಿಲ್ಲಿಸಿದವನು ಇವನೇ. ಅದರ ಮುಂದಿನ ಕಂತಿನಲ್ಲಿ ಹುಳುವಿನ ವಂಶದ ಇಬ್ಬರು ಅಣ್ಣತಮ್ಮಂದಿರನ್ನು ತಂದ. ಅವರು ತಮ್ಮನ್ನೇ ಹೋಲುತ್ತಾರೆಂದು ವಿಂಟರ್ ಸೋದರರೆಂಬ ಹಾಡುಗಾರರು ಕೋರ್ಟಿಗೆ ಹೋದರು. 2003ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು, ಅರ್ಧ ಮನುಷ್ಯ ಅರ್ಧ ಹುಳುವಾದ ಪಾತ್ರ ಗಾಯಕರ ಬರೀ ನಕಲಲ್ಲ ಎಂದು ಪ್ರಕಾಶಕರ ಪರ ತೀರ್ಪು ಕೊಟ್ಟಿತು. ಕಾಮಿಕ್ಸ್ ಓದುವುದು ಕಾಲಹರಣ ಎನ್ನುವ ಮಾವಂದಿರಿಗೆ ನಾನು ಈ ತೀರ್ಪನ್ನು ತೋರಿಸುವುದುಂಟು.

ಈಗ ಉಗಿಮನುಷ್ಯನ ವಿಚಾರ. ಇವನು ಲ್ಯಾನ್ಸ್‌ಡೇಲನ ಕಲ್ಪನೆಯ ಕೂಸು ಎಂದುಕೊಂಡರೆ ತಪ್ಪು. 1868ರಲ್ಲಿ, ಅಂದರೆ ಅಮೆರಿಕದ ಪೂರ್ವ ಪಶ್ಚಿಮಗಳನ್ನು ರೈಲು ಹಳಿ ಕೂಡಿಸುವುದಕ್ಕೆ ಒಂದು ವರ್ಷ ಮೊದಲು, ನ್ಯೂಜೆರ್ಸಿಯ ನ್ಯೂವರ್ಕ್ ಊರಿನ ಜಡಾಕ್ ಡೆಡರಿಕ್ ಎಂಬ 22ರ ಹುಡುಗ ಒಬ್ಬ ಉಗಿಮನುಷ್ಯನನ್ನು ನಿಜಕ್ಕೂ ಮಾಡಿ ಪೇಟೆಂಟ್ ಪಡೆದಿದ್ದ. ಏಳು ಅಡಿ ಒಂಬತ್ತು ಅಂಗುಲ ಎತ್ತರ, 500 ಪೌಂಡ್ ತೂಕ. ಎದೆಗೂಡಿನಲ್ಲಿ ಬಾಯ್ಲರ್, ತಲೆಯ ಮೇಲೆ ಉದ್ದನೆಯ ಟೋಪಿ. ಟೋಪಿಯೇ ಹೊಗೆಗೊಳವೆ. ಕುದುರೆ ಬೆಚ್ಚಬಾರದೆಂದು ಕೋಟು ಪ್ಯಾಂಟು ಬೇರೆ ತೊಡಿಸಿದ್ದ. ಹಿಂದೆ ಗಾಡಿ ಕಟ್ಟಿದರೆ ಇವನು ಕುದುರೆಯ ಬದಲು ಎಳೆಯಬೇಕು. ಮೊದಲನೆಯದಕ್ಕೆ 2,000 ಡಾಲರ್ ಬಿದ್ದಿತ್ತು, ಮುಂದಿನವನ್ನು 300 ಡಾಲರಿಗೆ ಮಾರುವ ಲೆಕ್ಕ ಹಾಕಿದ್ದ. ಮಾರಾಟದ ಕನಸು ಕೈಗೂಡಲಿಲ್ಲ.

ಆದರೆ ಅದೇ ವರ್ಷ, ಅದೇ ನ್ಯೂಜೆರ್ಸಿಯ ಎಡ್ವರ್ಡ್ ಎಲ್ಲಿಸ್ ಎಂಬ ಮೇಷ್ಟರು ‘ದಿ ಸ್ಟೀಮ್ ಮ್ಯಾನ್ ಆಫ್ ದಿ ಪ್ರೇರೀಸ್’ ಬರೆದು ಹಾಕಿದರು. ಹತ್ತು ಸೆಂಟಿಗೆ ಸಿಗುತ್ತಿದ್ದ ಅಗ್ಗದ ಕಾದಂಬರಿಗಳ ಕಾಲ ಅದು. ಅಮೆರಿಕಕ್ಕೆ ಆ ರುಚಿ ಹತ್ತಿಸಿದವರು ಬೀಡಲ್ ಅಣ್ಣತಮ್ಮಂದಿರು. ಕಾಮಿಕ್ಸ್‌ನ ನಾಯಕನಿಗೆ ಬೀಡಲ್ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಎಲ್ಲಿಸ್ ಮೇಷ್ಟರ ಕಥೆಯಲ್ಲಿ ಯಂತ್ರ ಕಟ್ಟುವವನು ಜಾನಿ ಬ್ರೇನರ್ಡ್, ಬೆನ್ನು ಗೂನಾದ ಕುಳ್ಳ ಹುಡುಗ, ವಿಧವೆಯ ಮಗ. ಏನು ಮಾಡಲಿ, ಕೈ ಖಾಲಿ ಎಂದು ಹುಡುಗ ಗೊಣಗುವಾಗ, ಉಗಿಯಲ್ಲಿ ನಡೆಯುವ ಮನುಷ್ಯನನ್ನು ಮಾಡೋ ಎಂದು ಸುಳಿವು ಕೊಡುವವಳು ತಾಯಿ. ನನಗೆ ಅಚ್ಚುಮೆಚ್ಚಿನ ಜಾಗ ಅದು. ಈ ಪ್ರಕಾರದ ಹುಚ್ಚು ವಿಜ್ಞಾನಕ್ಕೆಲ್ಲ ಅಡುಗೆಮನೆಯ ಕಡೆಯಿಂದ ಬಂದ ಅಪ್ಪಣೆ!

ಆ ಪುಸ್ತಕದ ಕೊನೆ ಮಾತ್ರ ಇವತ್ತು ನುಂಗಲು ಕಷ್ಟ. ಚಿನ್ನ ಅಗೆಯಲು ಹೋದ ಬಿಳಿಯರನ್ನು ಮೂಲನಿವಾಸಿಗಳು ಕಣಿವೆಯಲ್ಲಿ ಸುತ್ತುಗಟ್ಟುತ್ತಾರೆ. ಜಾನಿ ಬಾಯ್ಲರಿಗೆ ಮಿತಿಮೀರಿ ಸೌದೆ ತುಂಬಿ ಉಗಿಮನುಷ್ಯನನ್ನು ಅವರ ಮೇಲೆ ಬಿಡುತ್ತಾನೆ. ಯಂತ್ರ ಸಿಡಿದು ಅವರ ಹೆಣ ಬೀಳುತ್ತದೆ, ಬಿಳಿಯರು ಚಿನ್ನದ ಜೊತೆ ಮನೆಗೆ. ನೆಲ ಯಾರದು ಎಂಬ ಪ್ರಶ್ನೆ ಮೇಷ್ಟರಿಗೆ ಹೊಳೆಯಲೇ ಇಲ್ಲ. 130 ವರ್ಷ ಕಳೆದು ಲ್ಯಾನ್ಸ್‌ಡೇಲ್ ಅದೇ ಯಂತ್ರದೊಳಗೆ ಜಾನ್ ಫೆದರ್ ಎಂಬ ಮೂಲನಿವಾಸಿಯನ್ನು ಕೂರಿಸುತ್ತಾನೆ. ಭಾಷಣವಿಲ್ಲ, ಕ್ಷಮಾಪಣೆಯಿಲ್ಲ. ಯಂತ್ರ ಯಾರ ಮೇಲೆ ಸಿಡಿದಿತ್ತೋ ಅವರ ಮನೆಯವನೇ ಈಗ ಅದನ್ನು ನಡೆಸುವವರಲ್ಲಿ ಒಬ್ಬ. ಹಳೇ ಪುಸ್ತಕ ಗೊತ್ತಿದ್ದವರಿಗೆ ಏಟು ತಾಗುತ್ತದೆ, ಗೊತ್ತಿಲ್ಲದವರಿಗೆ ಕಥೆ ನಿಲ್ಲದೆ ಓಡುತ್ತದೆ.

‘ಸ್ಟೀಮ್‌ಪಂಕ್’ ಎಂಬ ಹಣೆಪಟ್ಟಿಯ ಬಗ್ಗೆಯೂ ಒಂದು ಮಾತು ಹೇಳಬೇಕು. ಹಲ್ಲುಚಕ್ರ ಅಂಟಿಸಿದ ಟೋಪಿ, ಹಿತ್ತಾಳೆ ಕನ್ನಡಕ ಹಾಕಿಕೊಂಡು ಫೋಟೊ ಹೊಡೆಸಿಕೊಳ್ಳುವುದೇ ಸ್ಟೀಮ್‌ಪಂಕ್ ಎಂದು ತಿಳಿದವರು ಬಹಳ. ಈ ಪದವನ್ನು 1987ರಲ್ಲಿ ‘ಲೋಕಸ್’ ಪತ್ರಿಕೆಗೆ ಬರೆದ ಕಾಗದದಲ್ಲಿ ಅರ್ಧ ತಮಾಷೆಗೆ ಹುಟ್ಟಿಸಿದವನು ಕೆ.ಡಬ್ಲ್ಯೂ. ಜೀಟರ್. ಅವನು ಅದಕ್ಕೂ ಮೊದಲೇ, 1979ರಲ್ಲಿ, ‘ಮಾರ್ಲಾಕ್ ನೈಟ್’ ಎಂಬ ಕಾದಂಬರಿ ಬರೆದಿದ್ದ. ವೆಲ್ಸ್‌ನ ಯಂತ್ರ ಮಾರ್ಲಾಕ್‌ಗಳ ಕೈಗೆ ಸಿಕ್ಕಿ ಅವು ಲಂಡನ್ನಿಗೆ ದಾಳಿಯಿಟ್ಟರೆ ಏನಾಗುತ್ತದೆ ಎಂಬುದೇ ಅಲ್ಲಿನ ಕಥೆ. ಅಂದರೆ ಹೆಸರಿಟ್ಟವನೂ ಮೊದಲು ನಿಂತದ್ದು ವೆಲ್ಸ್ ಖಾಲಿ ಬಿಟ್ಟ ಅದೇ ಜಾಗದಲ್ಲಿ. ವಾಪಸ್ ಬಾರದ ಯಂತ್ರ ಈ ಇಡೀ ಪ್ರಕಾರವನ್ನು ಹಿಂದಿನಿಂದ ತಳ್ಳುತ್ತಲೇ ಇದೆ.

ಪುಟ ತಿರುವಿದರೆ ಕೊವಾಲ್ಸ್ಕಿಯ ಕೈಚಳಕ ಮೊದಲು ಕಣ್ಣಿಗೆ ಬೀಳುತ್ತದೆ. ಹಾರರ್ ಕಾಮಿಕ್ಸ್ ಎಂದರೆ ಮಸಿ ಚೆಲ್ಲಿದಂಥ ಕತ್ತಲು ಎಂಬ ರೂಢಿ ಇದೆಯಲ್ಲ, ಅದು ಇಲ್ಲಿಲ್ಲ. ಗೆರೆ ಶುಭ್ರ, ಬೆಳಕು ಸಾಕಷ್ಟು. ಉಗಿಮನುಷ್ಯನ ಕೀಲು ಮೊಳೆಗಳಿಗೆ ಎಷ್ಟು ನಿಗಾ ಕೊಡುತ್ತಾನೋ, ಸವಾರ ಹಾದುಹೋದ ಊರಿನ ಹೆಣಗಳಿಗೂ ಅಷ್ಟೇ ನಿಗಾ ಕೊಡುತ್ತಾನೆ. ಮೈ ಜುಮ್ಮೆನ್ನುವುದು ಅಲ್ಲಿಯೇ. ನಮ್ಮಲ್ಲಿ ವೆಸ್ಟರ್ನ್ ಎಂದರೆ ರಾಮನಗರದ ಬಂಡೆಗಳ ಮೇಲೆ ಕುದುರೆ ಓಡಿಸಿದ ‘ಶೋಲೆ’ ತಾನೇ ಮನಸ್ಸಿಗೆ ಬರುವುದು. ಆ ಚಿತ್ರದಲ್ಲಿ ಠಾಕೂರನ ಮನೆಯವರ ಹೆಣಗಳ ಮೇಲಿನ ಬಿಳಿ ಬಟ್ಟೆಯನ್ನು ಗಾಳಿ ಎತ್ತುವ ದೃಶ್ಯ ನೆನಪು ಮಾಡಿಕೊಳ್ಳಿ. ಹಗಲು ಬೆಳಕಿನ ಭಯ ಯಾವ ಜಾತಿಯದು ಎಂಬುದು ತಿಳಿಯುತ್ತದೆ.

ಇಷ್ಟಾದರೂ ನಾನು ಈ ಪುಸ್ತಕವನ್ನು ಎರಡನೇ ಸಲ ಓದಿದ್ದು ಯಂತ್ರಕ್ಕಾಗಿ ಅಲ್ಲ, ಖಳನಿಗಾಗಿ. ಹುಚ್ಚು ವಿಜ್ಞಾನಿಗಳು ಕಾಮಿಕ್ಸ್ ಲೋಕದಲ್ಲಿ ರಾಶಿ ರಾಶಿ. ಹೆಚ್ಚಿನವರಿಗೆ ಲೋಕ ಆಳುವ ಚಪಲ, ಇಲ್ಲವೇ ಕಾಲೇಜಿನಲ್ಲಿ ಯಾರೋ ನಕ್ಕರೆಂಬ ಸಿಟ್ಟು. ಡಾರ್ಕ್ ರೈಡರನ ಕಾಯಿಲೆ ಬೇರೆ. ಅವನಲ್ಲಿರುವುದು ಕೋಪವೂ ಅಲ್ಲ, ಸೇಡೂ ಅಲ್ಲ, ಒಳಗುದಿ. ಸೇಡು ತೀರಿಸಿಕೊಳ್ಳಲು ಎದುರಾಳಿ ಬೇಕು. ಬೆಂಕಿ ಹಚ್ಚಿದವನು ತಾನೇ ಆದಾಗ ಸೇಡು ಯಾರ ಮೇಲೆ? ತಪ್ಪು ಒಪ್ಪಿಕೊಂಡು ಅತ್ತುಬಿಟ್ಟಿದ್ದರೆ ಅವನು ವಿಧುರನಾಗಿ ಉಳಿಯುತ್ತಿದ್ದ. ಅಳಲಿಲ್ಲ. ಸಾವನ್ನೇ ತಿದ್ದುತ್ತೇನೆಂದು ಹೊರಟ. ತಿದ್ದಲಾಗದೆ ಹೋದಾಗ, ಅವಳಿಲ್ಲದ ಲೋಕ ಹೇಗೆ ನೆಟ್ಟಗೆ ನಡೆಯುತ್ತಿದೆ ಎಂಬ ಕಹಿ ಹತ್ತಿತು. ಕಂಡಕಂಡವರ ಬದುಕೇ ತನಗಾದ ಅವಮಾನವೆಂದು ಬಗೆಯುವ ಕಹಿ. ಬಾಯ್ಲರ್ ಉಗಿಮನುಷ್ಯನ ಹೊಟ್ಟೆಯಲ್ಲಿ ಮಾತ್ರ ಇಲ್ಲ.

ಮೂಲ ಕಾದಂಬರಿಯಲ್ಲಿ ಒಂದು ಸಣ್ಣ ವಿವರ ಇದೆ. ಭವಿಷ್ಯದಿಂದ ಮರಳಿ, ಕೊಳಕು ಬಟ್ಟೆಯಲ್ಲಿ, ಕುಂಟುತ್ತಾ ಊಟದ ಕೋಣೆಗೆ ಬಂದ ಕಾಲಯಾತ್ರಿಕ ಮೊದಲು ಬಾಯಿಬಿಟ್ಟು ಕೇಳುವುದು ಮಾಂಸ, ತನಗೂ ಸ್ವಲ್ಪ ಮಟನ್ ಉಳಿಸಿ ಎಂದು. ವೀನಾಳ ಜನವನ್ನು ಮಾರ್ಲಾಕ್‌ಗಳು ದನದಂತೆ ಸಾಕಿ ತಿನ್ನುವುದನ್ನು ಕಂಡು ಬಂದವನ ಬಾಯಲ್ಲಿ ಮೊದಲು ಬರುವ ಬೇಡಿಕೆ ಅದು. ವೆಲ್ಸ್ ಇದನ್ನು ವಿವರಿಸದೆ ಮುಂದೆ ಹೋಗಿದ್ದಾನೆ. ಲ್ಯಾನ್ಸ್‌ಡೇಲ್ ಆ ಸಾಲಿನ ಮೇಲೆ ಬೆರಳಿಟ್ಟನೋ ಇಲ್ಲವೋ, ಆದರೆ ಈ ಮನುಷ್ಯ ರಕ್ತದಾಹಿಯಾಗುವುದಕ್ಕೆ ಅದಕ್ಕಿಂತ ಒಳ್ಳೆಯ ಮುನ್ಸೂಚನೆ ನನಗೆ ಕಾಣುವುದಿಲ್ಲ.

ನನ್ನ ತಕರಾರೂ ಇದೆ. ಐದು ಸಂಚಿಕೆಗೆ ಇಷ್ಟೊಂದು ಸರಕು ಹೊರೆಯಾಯಿತು. ವೆಲ್ಸ್‌ನ ಇನ್ನೊಂದು ಕಾದಂಬರಿಯಿಂದ, 1898ರ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ನಿಂದ, ಮಂಗಳ ಗ್ರಹದವರೂ ಇಲ್ಲಿಗೆ ಇಳಿದಿದ್ದಾರೆ; ಉಗಿಮನುಷ್ಯನನ್ನು ಕಟ್ಟಿದ್ದೇ ಅವರ ವಿರುದ್ಧ. ಅವರು ಮೂಲದಲ್ಲಿ ಸತ್ತಂತೆಯೇ ಇಲ್ಲೂ ರೋಗ ತಗುಲಿ ಸಾಯುತ್ತಾರೆ. ಸೊಗಸಾದ ಹೊಲಿಗೆ, ಒಪ್ಪಿದೆ. ಆದರೆ ಮಂಗಳ, ಮಾರ್ಲಾಕ್, ರಕ್ತಪಿಶಾಚಿ ಎಲ್ಲರೂ ಒಂದೇ ಬೆಂಚಿನಲ್ಲಿ ಒತ್ತರಿಸಿ ಕೂತಮೇಲೆ ವೀನಾಗೆ ಉಳಿದ ಜಾಗ ಅಂಗುಲದಷ್ಟು. ಸವಾರನ ಕ್ರೌರ್ಯಕ್ಕೆ ಪುಟಗಟ್ಟಲೆ ಕೊಟ್ಟು ಅವನ ಪ್ರೀತಿಯನ್ನು ಅವಸರದಲ್ಲಿ ದಾಟಿಸಿದರೆ, ಒಳಗುದಿ ಯಾತರಿಂದ ಹುಟ್ಟಿತೆಂದು ಓದುಗ ಮರೆಯುತ್ತಾನೆ. ಇನ್ನೆರಡು ಸಂಚಿಕೆ, ಅದರಲ್ಲಿ ಮಾತಿಲ್ಲದ ಎಂಟು ಪುಟ, ಹೊಳೆದಂಡೆ, ಕೋಟಿನ ಜೇಬು, ಹೂವು. ಅಷ್ಟು ಸಿಕ್ಕಿದ್ದರೆ ಇದು ನನ್ನ ಕಪಾಟಿನ ಮೊದಲ ಸಾಲಿಗೆ ಬರುತ್ತಿತ್ತು. ಈಗ ಎರಡನೇ ಸಾಲಿನಲ್ಲಿದೆ.

ನೀಳ್ಗತೆ ಮತ್ತು ಕಾಮಿಕ್ಸ್‌ನಲ್ಲಿ ಯಾವುದು ಮೇಲು ಎಂದು ಕೇಳುವವರಿಗೆ: ಹಿಂಸೆಯ ಮಟ್ಟಿಗೆ ನೀಳ್ಗತೆ. ಅಕ್ಷರದಲ್ಲಿದ್ದಾಗ ಎಷ್ಟು ಕಾಣಬೇಕು ಎಂಬುದನ್ನು ಓದುವವನ ಮನಸ್ಸು ತೀರ್ಮಾನಿಸುತ್ತದೆ, ಚಿತ್ರದಲ್ಲಿ ಆ ಅನುಕೂಲವಿಲ್ಲ. ಯಂತ್ರದ ಮಟ್ಟಿಗೆ ಕಾಮಿಕ್ಸ್. ಕಬ್ಬಿಣದ ಕಾಲೊಂದು ಪುಟದ ಮೇಲಂಚಿನಿಂದ ಇಳಿದು ಬಯಲಿನ ಮೇಲೆ ಊರುವುದನ್ನು ನಾಲ್ಕು ಪ್ಯಾರಾ ಬರೆದರೂ ಕಟ್ಟಿಕೊಡಲಾಗದು.

ಐದೂ ಸಂಚಿಕೆ ಕೂಡಿಸಿದ ಒಂದೇ ಪುಸ್ತಕವೂ ಬಂದಿದೆ. ಕೊಳ್ಳುವವರು ಮೊದಲು ‘ದಿ ಟೈಮ್ ಮಷೀನ್’ ಓದಿಕೊಳ್ಳಿ. ತೆಳ್ಳನೆ ಪುಸ್ತಕ, ಒಂದು ಭಾನುವಾರ ಸಾಕು. ಇನ್ನೊಂದು ಮಾತು: ಮುಖಪುಟದ ಉಗಿಮನುಷ್ಯ ಆಟಿಕೆಯ ಹಾಗೆ ಕಾಣುತ್ತಾನೆ, ಮಕ್ಕಳು ಖಂಡಿತ ಕೈ ಹಾಕುತ್ತಾರೆ. ಅವರಿಗೆ ಎಟುಕದ ಅಟ್ಟದ ಮೇಲಿಡಿ.