‘ಫ್ಲೂ’: ಮಸುಕಿನ ಪದವೊಂದರ ವಲಸೆ

ಮಸುಕು, ಅಸ್ಪಷ್ಟ ಎಂಬರ್ಥದ ಫ್ರೆಂಚ್ ಪದ ‘ಫ್ಲೂ’. ಚಿತ್ರದ ಮೃದುರೇಖೆ, ಛಾಯಾಚಿತ್ರದ ಮಬ್ಬು, ಮೈಗಂಟದ ಸಡಿಲ ಉಡುಪು, ನಿಖರವಲ್ಲದ ವಿಚಾರ ಇವೆಲ್ಲವೂ ಅದರ ವ್ಯಾಪ್ತಿಗೆ ಸೇರುತ್ತವೆ. 1965ರಲ್ಲಿ ಲೋಟ್ಫಿ ಝಾದೆ ಇಂಗ್ಲಿಷಿನಲ್ಲಿ ಮಂಡಿಸಿದ ‘ಫಜಿ’ ಗಣಗಳಿಗೂ ಫ್ರೆಂಚರು ಇದೇ ಪದವನ್ನು ಬಳಸಿದರು.

ಇಟಾಲಿಯನ್, ಸ್ಪ್ಯಾನಿಷ್ ಭಾಷೆಗಳಾದರೋ ಈ ಪದವನ್ನು ಪ್ರಧಾನವಾಗಿ ಛಾಯಾಗ್ರಹಣದ ಮೃದುಮಬ್ಬಿಗೆ ಎರವಲು ಪಡೆದವು. ಮಬ್ಬಿಗೆ ಸ್ವಂತ ಪದವಿದ್ದ ಫ್ರೆಂಚ್ ಕೂಡ, ಮಸೂರವು ಮೂಡಿಸುವ ಮಬ್ಬಿನ ಗುಣವನ್ನು ಹೇಳಲು ಜಪಾನಿ ಮೂಲದ ‘ಬೊಕೆ’ಯನ್ನು ಬರಮಾಡಿಕೊಂಡಿತು.

ವಲಸೆ ಹೋದ ಜನಪದ ಕಥೆ ತನ್ನೆಲ್ಲ ಆಶಯಗಳನ್ನೂ ಒಯ್ಯುವುದಿಲ್ಲ. ಹೊಸ ನೆಲದ ಕಥೆಗಾರ ತನಗೆ ಬೇಕಾದುದನ್ನಷ್ಟೇ ಉಳಿಸಿಕೊಳ್ಳುತ್ತಾನೆ. ಪದದ ಪಾಡೂ ಅದೇ. ಆದ್ದರಿಂದ ಎರವಲನ್ನು ಕೊಟ್ಟ ಭಾಷೆಯ ಪ್ರಭಾವವೆಂದಷ್ಟೇ ಅಳೆಯುವ ಕ್ರಮ ಅಪೂರ್ಣ. ಪಡೆದ ಭಾಷೆಯ ಆಯ್ಕೆಯೂ ಅಧ್ಯಯನದ ವಸ್ತುವಾಗಬೇಕು.