ಮೂವತ್ತೈದು ಮಿಲಿಮೀಟರ್

ಕಾರು ನೆಲಕ್ಕೆ ಹತ್ತಿರ ಕೂತಷ್ಟೂ ಚಂದ ಅನ್ನೋರಲ್ಲಿ ನಾನೂ ಒಬ್ಬ. ಇದನ್ನ ಮೊದಲೇ ಹೇಳಿಬಿಡ್ತೀನಿ, ಇಲ್ಲಾಂದ್ರೆ ಮುಂದಿನ ಬೈಗುಳವೆಲ್ಲ ಕಾರಿನ ಹುಚ್ಚೇ ಇಲ್ಲದ ಯಾರೋ ಹಿರಿಯರದ್ದು ಅನ್ನಿಸೀತು. ಟೈರಿಗೂ ಮಡ್‌ಗಾರ್ಡಿಗೂ ನಡುವೆ ನಾಲ್ಕು ಬೆರಳು ಜಾಗ ಬಿಟ್ಟು ಫ್ಯಾಕ್ಟರಿಯಿಂದ ಬರೋ ಕಾರು ನನಗೆ ಅಳತೆ ತಪ್ಪಿ ಹೊಲಿದ ಪ್ಯಾಂಟಿನ ಹಾಗೆ ಕಾಣುತ್ತೆ. ಸಾಲ ತೀರಿದ ಮೇಲೆ ನನ್ನ ಸ್ವಿಫ್ಟ್‌ಗೆ ಮಾಡಿಸಿದ ಮೊದಲ ಕೆಲಸವೇ ಲೋವರಿಂಗ್ ಸ್ಪ್ರಿಂಗ್. ‘35 ಮಿ.ಮೀ. ಇಳಿಯುತ್ತೆ, ಕಂಫರ್ಟ್ ಹಾಗೇ ಇರುತ್ತೆ ಸರ್’ ಅಂದಿದ್ದ ಬೆಂಗಳೂರಿನ ಅಂಗಡಿಯವನು. ಆ ವಾರವೆಲ್ಲ ಆಫೀಸ್ ಪಾರ್ಕಿಂಗಿನಲ್ಲಿ ಕಾರು ನಿಲ್ಲಿಸಿ, ಲಿಫ್ಟ್ ತನಕ ಹೋಗಿ, ಮತ್ತೆ ತಿರುಗಿ ನೋಡ್ತಿದ್ದೆ.

ಈ ಬರಹ ಅವನ ಆ ಒಂದು ವಾಕ್ಯದ ವಿಮರ್ಶೆ.

ಅವ್ವನಿಗೆ ಸೊಂಟದ ಆಪರೇಷನ್ ಆಗಿ ಮೂರು ತಿಂಗಳಾಗಿತ್ತು. ಮುಂಡರಗಿಯಿಂದ ಹುಬ್ಬಳ್ಳಿಗೆ ಚೆಕಪ್, ಹತ್ತಿರ ಹತ್ತಿರ ನೂರು ಕಿಲೋಮೀಟರು. ಗದಗ ದಾಟಿದ್ರೆ ಹೈವೇ, ಅಲ್ಲಿ ಚಿಂತೆ ಇಲ್ಲ. ಕಥೆ ಇರೋದು ಡಂಬಳದ ಆಚೆ ಈಚೆ. ನಮ್ಮದು ಎರೆ ಸೀಮೆ. ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತೆ. ಅದರ ಮೇಲೆ ಹಾಸಿದ ಡಾಂಬರು ಗುಂಡಿ ಬೀಳದಿದ್ರೂ ಅಲೆಅಲೆಯಾಗುತ್ತೆ. ಅಪ್ಪ ಮುಂದೆ, ಅವ್ವ ಮತ್ತು ತಂಗಿ ಹಿಂದೆ. ಪ್ರತಿ ಅಲೆಗೂ ಹಿಂದಿನಿಂದ ‘ಢಬ್’ ಅಂತ ಒಂದು ಸದ್ದು. ‘ಟ್ರ್ಯಾಕ್ಟರ್‌ನ್ಯಾಗ ಹ್ವಾದ್ರೂ ಇಷ್ಟ ಬಡಿಯೂದಿಲ್ಲಲೇ’ ಅಂದ ಅಪ್ಪ. ಅವ್ವ ಏನೂ ಅನ್ನಲಿಲ್ಲ. ಬಾಗಿಲ ಮೇಲಿನ ಹಿಡಿಕೆಯನ್ನ ಎರಡೂ ಕೈಲಿ ಹಿಡಿದು ಕೂತಿದ್ದಳು. ಚೆಕಪ್ ಮುಗಿದ ಮೇಲೆ ಮೆಲ್ಲಗೆ ಅಂದಳು: ‘ನಾ ಬಸ್ಸಿನ್ಯಾಗ ಬರತೀನಪಾ, ನೀ ಗಾಡಿ ತುಗೊಂಡು ಬಾ.’ ತಂಗಿ ಜೊತೆ ಬಸ್ಸಿಗೇ ಹೋದಳು. ನಾನು ಖಾಲಿ ಹಿಂದಿನ ಸೀಟು ಹೊತ್ತುಕೊಂಡು ಊರಿಗೆ ಬಂದೆ.

ಆ ರಾತ್ರಿ ನಿದ್ದೆ ಬರಲಿಲ್ಲ, ಪೆನ್ನು ಹಿಡಿದು ಲೆಕ್ಕ ಹಾಕಿದೆ. ಬಿ.ಇ. ಓದಿದ್ದಕ್ಕೆ ಇಷ್ಟಾದ್ರೂ ಉಪಯೋಗ ಆಗಲಿ. ಚಕ್ರ ಮೇಲೇರಿ ಒಳಗಿನ ರಬ್ಬರ್ ಬಂಪ್ ಸ್ಟಾಪಿಗೆ ಬಡಿಯೋಕೆ ಮುಂಚೆ, ಉದಾಹರಣೆಗೆ, 70 ಮಿ.ಮೀ. ಜಾಗ ಇದೆ ಅಂತಿಟ್ಟುಕೊಳ್ಳಿ. 35 ಇಳಿಸಿದ್ರೆ ಉಳಿಯೋದು ಅರ್ಧ. ಅದೇ ಹೊಡೆತವನ್ನ ಅರ್ಧ ದೂರದಲ್ಲಿ ನುಂಗಬೇಕು ಅಂದ್ರೆ ಸ್ಪ್ರಿಂಗು ನಾಲ್ಕು ಪಟ್ಟು ಗಟ್ಟಿಯಿರಬೇಕು, ಯಾಕಂದ್ರೆ ಸ್ಪ್ರಿಂಗ್ ಹಿಡಿದಿಡೋ ಶಕ್ತಿ ದೂರದ ವರ್ಗಕ್ಕೆ ಹೊಂದಿಕೊಂಡಿರುತ್ತೆ. ನಾಲ್ಕು ಪಟ್ಟು ಗಟ್ಟಿ ಮಾಡಿದ್ರೆ ಕಾರು ಕುಣಿಯೋ ವೇಗ ಎರಡು ಪಟ್ಟಾಗುತ್ತೆ: ಸೆಕೆಂಡಿಗೆ ಒಂದೂವರೆ ಸಲ ಮೇಲೆ ಕೆಳಗೆ ಆಡ್ತಿದ್ದದ್ದು ಮೂರು ಸಲ. ಮನುಷ್ಯನ ಬೆನ್ನುಮೂಳೆಗೆ ಅತಿ ಹೆಚ್ಚು ತ್ರಾಸಾಗೋದು ಸೆಕೆಂಡಿಗೆ ನಾಲ್ಕರಿಂದ ಎಂಟು ಸಲದ ಅಲುಗಾಟದಲ್ಲಿ. ಅಂದ್ರೆ ನಾವೇ ಕೈಯಾರೆ ಅದರ ಹತ್ತಿರ ಹೋಗ್ತಿದೀವಿ. ಅಷ್ಟು ಗಟ್ಟಿ ಸ್ಪ್ರಿಂಗನ್ನ ಮಾಮೂಲಿ ಕಾರಿಗೆ ಯಾರೂ ಮಾರೋದಿಲ್ಲ. ಸ್ವಲ್ಪ ಗಟ್ಟಿ ಮಾಡಿ, ಉಳಿದದ್ದನ್ನ ಬಂಪ್ ಸ್ಟಾಪಿಗೆ ಬಿಡ್ತಾರೆ. ಆ ‘ಢಬ್’ ಅದೇ.

ಬೆಳಿಗ್ಗೆ ಊರಿನ ಗ್ಯಾರೇಜಿಗೆ ಹೋದೆ. ಕಾಕಾ ಕಾರಿನ ಮೂಲೆಯನ್ನ ಎರಡು ಸಲ ಒತ್ತಿ ಬಿಟ್ಟ, ಕಾರು ಮೂರು ಸಲ ಆಡಿ ನಿಂತಿತು. ‘ಸ್ಪ್ರಿಂಗ್ ಹೊಸಾದು ಹಾಕ್ಸಿದಿ, ಶಾಕ್‌ಅಪ್ಸರ್ ಹಳೇದ ಬಿಟ್ಟಿ. ಹೋರಿ ಬದಲ್ ಮಾಡಿ ಮೂಗದಾಣ ಅದ ಇಟ್ಟಂಗಾತು ತಮ್ಮಾ.’ ನನ್ನ ಎರಡು ಪುಟದ ಲೆಕ್ಕದಲ್ಲಿ ಇದೇ ಬಿಟ್ಟುಹೋಗಿತ್ತು. ಗಟ್ಟಿ ಸ್ಪ್ರಿಂಗ್ ವಾಪಸ್ ಒದೆಯೋದೂ ಜೋರು, ಅದನ್ನ ತಡೆಯೋ ಡ್ಯಾಂಪರು ಹಳೇ ಸ್ಪ್ರಿಂಗಿಗೆ ಅಳೆದು ಮಾಡಿದ್ದು. ಗುಂಡಿಗಿಂತ ಅಲೆಯ ರಸ್ತೆಯಲ್ಲಿ ಇದು ಹೆಚ್ಚು ಗೊತ್ತಾಗುತ್ತೆ: ಒಂದು ಅಲೆಯ ಕುಣಿತ ನಿಲ್ಲೋಕೆ ಮುಂಚೆ ಇನ್ನೊಂದು ಬಂದಿರುತ್ತೆ.

ಇನ್ನು ಹಂಪ್ಸು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 1988ರ ಅಳತೆ ಪ್ರಕಾರ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ, 17 ಮೀಟರ್ ತ್ರಿಜ್ಯದ ಕಮಾನು. 2018ರ ಸ್ವಿಫ್ಟ್‌ನ ಎರಡು ಆಕ್ಸೆಲ್ ನಡುವೆ 2,450 ಮಿ.ಮೀ. ಇದೆ. ಎರಡೂ ಚಕ್ರ ಆ ಕಮಾನಿನ ಮೇಲೇ ಇದ್ದಾಗ ಹೊಟ್ಟೆ ಕೆಳಗೆ ಉಬ್ಬಿರೋದು ಬರೀ 44 ಮಿ.ಮೀ. ಕಂಪನಿಯ 163 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸಿನಲ್ಲಿ 35 ಕಳೆದ್ರೂ ಆರಾಮಾಗಿ ದಾಟುತ್ತೆ. ಆದರೆ ಶಾಲೆ ಮುಂದೆ, ಗುಡಿ ಮುಂದೆ, ಯಾರದೋ ಮನೆ ಮುಂದೆ ರಾತ್ರೋರಾತ್ರಿ ಹಾಕಿದ ಒಂದಡಿ ಅಗಲದ ದಿಮ್ಮಿ ಇರುತ್ತಲ್ಲ, ಅದರ ಪೂರ್ತಿ ಎತ್ತರ ಆಯಿಲ್ ಚೇಂಬರಿನ ಕೆಳಗೇ ಬರುತ್ತೆ. ನಾಲ್ಕು ಜನ ಕೂತು, ಡಿಕ್ಕಿಯಲ್ಲಿ ಜೋಳದ ಚೀಲ ಇದ್ರೆ ಮುಗೀತು.

ಹಾಗಾದ್ರೆ ಏನು ಹಾಕಿಸಬೇಕು? ಬರೀ ಸ್ಪ್ರಿಂಗ್ ಬೇಡ, ಅದರ ಬಗ್ಗೆ ನನ್ನ ಮಾತು ಮುಗಿದಿದೆ. ಕಾಯ್ಲೋವರ್ ಬಗ್ಗೆ ನಮ್ಮ ಹುಡುಗರಿಗೆ ಭಕ್ತಿ ಜಾಸ್ತಿ. ಅದರಲ್ಲೂ ಎರಡು ಜಾತಿ. ಒಂದರಲ್ಲಿ ಸ್ಪ್ರಿಂಗಿನ ತಟ್ಟೆ ತಿರುಗಿಸಿ ಇಳಿಸೋದು, ಇಳಿಸಿದಷ್ಟೂ ಒಳಗಿನ ಓಡಾಟ ಕಡಿಮೆಯಾಗ್ತಾ ಹೋಗುತ್ತೆ. ಇನ್ನೊಂದರಲ್ಲಿ ಕೆಳಗಿನ ಬ್ರಾಕೆಟ್ಟೇ ಬೇರೆ, ಎತ್ತರ ಬದಲಾದ್ರೂ ಡ್ಯಾಂಪರಿನ ಓಡಾಟ ಹಾಗೇ ಇರುತ್ತೆ. ಕೊಳ್ಳೋದಾದ್ರೆ ಎರಡನೆಯದೇ. ಅಂಗಡಿಯವನು ‘32 ಕ್ಲಿಕ್ ಅಡ್ಜಸ್ಟ್‌ಮೆಂಟ್’ ಅಂತ ಹಾಡ್ತಾನೆ. ಹಾಕಿಸಿಕೊಂಡ ನನ್ನ ಗೆಳೆಯರಲ್ಲಿ ಅದನ್ನ ಮೂರನೇ ಸಲ ತಿರುಗಿಸಿದವರನ್ನ ನಾನು ನೋಡಿಲ್ಲ. ಏರ್ ಸಸ್ಪೆನ್ಷನ್ ವಿಚಾರವಾಗಿ ಸರಿ, ಹಂಪ್ ಬಂದಾಗ ಎತ್ತಬಹುದು. ಆದರೆ ಕಂಪ್ರೆಸರ್, ಟ್ಯಾಂಕ್, ಪೈಪು, ಗಾಳಿಚೀಲ, ಇಷ್ಟರಲ್ಲಿ ಒಂದು ಸೋರಿದ್ರೂ ಕಾರು ಕುಕ್ಕರಗಾಲಲ್ಲಿ ಕೂರುತ್ತೆ. ಹೆಸರೂರು ರೋಡಿನಲ್ಲಿ ರಾತ್ರಿ ಹನ್ನೊಂದಕ್ಕೆ ಅದನ್ನ ರಿಪೇರಿ ಮಾಡೋರು ಯಾರು?

ಇಳಿಸಲೇಬೇಕು ಅಂದ್ರೆ, ಗಿಡ್ಡ ಸ್ಪ್ರಿಂಗಿಗೆ ಗಿಡ್ಡ ಡ್ಯಾಂಪರ್ ಜೋಡಿಯಾಗಿ ಬರೋದು ಮೇಲು. ಬಿಲ್‌ಸ್ಟೀನ್‌ನ ಬಿ8 ಇಳಿಸಿದ ಕಾರಿಗೆಂದೇ ಗಿಡ್ಡ ಮಾಡಿದ್ದು, ಬಿ6 ಫ್ಯಾಕ್ಟರಿ ಎತ್ತರಕ್ಕೆ. ನಿಮ್ಮ ಕಾರಿಗೆ ಸಿಗುತ್ತೋ ಇಲ್ವೋ ಅದು ಬೇರೆ ಮಾತು. ಕೇಳಬೇಕಾದ್ದು ಇಷ್ಟೇ: ಸ್ಪ್ರಿಂಗ್ ರೇಟ್ ಎಷ್ಟು, ಇಳಿಸಿದ ಮೇಲೆ ಬಂಪ್ ಸ್ಟಾಪಿಗೆ ಎಷ್ಟು ಮಿ.ಮೀ. ಉಳಿಯುತ್ತೆ? ‘ಲುಕ್ ಸೂಪರ್ ಆಗುತ್ತೆ ಸರ್’ ಅನ್ನೋ ಉತ್ತರ ಬಂದ್ರೆ ಚಹಾ ಕುಡಿದು ಎದ್ದು ಬನ್ನಿ. ಹಾಕಿಸಿದ ಮೇಲೆ ಅಲೈನ್‌ಮೆಂಟ್ ಮಾಡಿಸದಿದ್ರೆ ಟೈರಿನ ಒಳ ಅಂಚು ಸವೆದುಹೋಗುತ್ತೆ. ನನ್ನದು ಹೋಯ್ತು.

ಕಾನೂನೂ ಇದೆ. ಕಂಪನಿ ಕೊಟ್ಟ ಅಳತೆಗೆ ವಿರುದ್ಧವಾಗಿ ವಾಹನ ಬದಲಿಸೋಹಾಗಿಲ್ಲ ಅಂತ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನು ಹೇಳುತ್ತೆ, 2019ರ ತಿದ್ದುಪಡಿಯಲ್ಲಿ ಪ್ರತಿ ಬದಲಾವಣೆಗೆ ₹5,000 ದಂಡ ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಸ್ಪ್ರಿಂಗ್ ಇದರಲ್ಲಿ ಬರಲ್ಲ ಅಂತ ರಸ್ತೆ ಬದಿಯಲ್ಲಿ ನಿಂತು ವಾದ ಮಾಡೋ ಧೈರ್ಯ ನನಗಂತೂ ಇಲ್ಲ.

ಮುಂದಿನ ಚೆಕಪ್‌ಗೆ ಮುಂಚೆ ಕಾಕಾನ ಹತ್ತಿರ ಫ್ಯಾಕ್ಟರಿ ಸ್ಪ್ರಿಂಗೇ ವಾಪಸ್ ಹಾಕಿಸಿ, ನಾಲ್ಕೂ ಶಾಕ್‌ಅಪ್ಸರ್ ಹೊಸದು ಮಾಡಿಸಿದೆ. ಟೈರಿನ ಮೇಲೆ ಮತ್ತೆ ಆ ನಾಲ್ಕು ಬೆರಳು ಜಾಗ. ನೋಡಿದಾಗಲೆಲ್ಲ ಈಗಲೂ ಹೊಟ್ಟೆ ಉರಿಯುತ್ತೆ, ಸುಳ್ಳು ಯಾಕೆ ಹೇಳಲಿ. ‘ಗಾಡಿ ಸುದ್ದ ಮಾಡ್ಸೀನಿ, ಬಾರಬೇ’ ಅಂದೆ. ಅವ್ವ ಬಂದಳು. ಡಂಬಳ ದಾಟೋವರೆಗೂ ಆ ಹಿಡಿಕೆ ಬಿಡಲಿಲ್ಲ.